ಕಿವಿಯಣ್ಣನ ಕರ್ಚೀಫು

ಸೇನೆಯ ಹೆಲಿಕಾಪ್ಟರ್ ದಳದಲ್ಲಿ ಮೆಕ್ಯಾನಿಕ್ ಆಗಿದ್ದ ಅವನನ್ನು ಎಲ್ಲರೂ ಕಿವಿಯಣ್ಣ ಅಂತಲೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತು ಅಂತಲ್ಲ. ಆ ದಳದಲ್ಲಿ ಒಂದು ಕಟ್ಟಳೆ ಇತ್ತು: ರಿಪೇರಿಯಾದ ಹೆಲಿಕಾಪ್ಟರ್ ಮೊದಲ ಸಲ ಮೇಲೇಳುವಾಗ, ಅದರ ನಟ್ಟು ಬಿಗಿದವನೂ ಒಳಗೆ ಕೂರಬೇಕು. ಮಾಡಿದ್ದುಣ್ಣೋ ಮಹರಾಯ ಅನ್ನೋ ಲೆಕ್ಕ. ಉಳಿದವರು ಕಿಟಕಿಯಾಚೆ ಇಣುಕಿ ನೋಡಿದರೆ, ಇವನು ಕಣ್ಣು ಮುಚ್ಚಿ, ಕತ್ತು ವಾಲಿಸಿ, ಧ್ಯಾನಕ್ಕೆ ಕೂತವನಂತೆ ಕೂರುತ್ತಿದ್ದ.

"ನೋಡ್ರೋ, ಎಂಜಿನ್ ಸದ್ದು ಹೇಗೆ ಆಲಿಸ್ತಾನೆ" ಅಂತ ಪೈಲಟ್‌ಗಳು ತಲೆದೂಗಿದರು. ಹೆಸರು ಅಂಟಿಕೊಂಡಿತು.

ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಎತ್ತರ ಅಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ಬಲ್ಬು ಹೋದರೆ ಏಣಿ ಹತ್ತುವವಳು ಅವಳು, ಏಣಿ ಹಿಡಿಯುವವನು ಇವನು, ಅದೂ ಕಣ್ಣು ಮುಚ್ಚಿಕೊಂಡು.

"ಕಿವಿಯಣ್ಣನಂತೆ," ಅನ್ನುತ್ತಿದ್ದಳು ಅವಳು. "ಹಾಲು ಉಕ್ಕುತ್ತೆ ನೋಡ್ರೀ ಅಂದರೆ ಕೇಳಲ್ಲ ಈ ಕಿವಿಗೆ."

"ಮೆಲ್ಲಗೆ ಮಾತಾಡೇ. ಗೊತ್ತಾದರೆ ಉಗ್ರಾಣಕ್ಕೆ ಹಾಕ್ತಾರೆ. ಆಮೇಲೆ ಬೂಟು ಜೋಡಿಸ್ಕೊಂಡು ಕೂರಬೇಕು."

ಯಂತ್ರಗಳೆಂದರೆ ಅವನಿಗೆ ಪ್ರಾಣ, ಅವು ನೆಲದ ಮೇಲೆ ನಿಂತಿರುವವರೆಗೆ.

ಯುದ್ಧ ಶುರುವಾಯಿತು. ಒಂದು ಬೆಳಗ್ಗೆ, ಗಾಯಾಳುಗಳನ್ನು ತರಲು ಹೋದ ದೊಡ್ಡ ಹೆಲಿಕಾಪ್ಟರ್ ಗುಡ್ಡದ ತುದಿಯಲ್ಲೇ ಕೆಟ್ಟು ಕೂತಿತು.

"ಕಿವಿಯಣ್ಣನ್ನ ಕಳಿಸಿ. ಸದ್ದು ಕೇಳಿಯೇ ರೋಗ ಹೇಳ್ತಾನೆ" ಅಂದರು ದಳದ ದೊಡ್ಡ ಸಾಹೇಬರು. ಕೆಟ್ಟು ನಿಂತ ಎಂಜಿನ್‌ಗೆ ಎಲ್ಲಿಯ ಸದ್ದು ಅಂತ ಕೇಳುವವರು ಯಾರು?

ಇಬ್ಬರೇ ಕೂರುವ ಪುಟ್ಟ ಹೆಲಿಕಾಪ್ಟರ್ ಅವನನ್ನು ಹೊತ್ತುಕೊಂಡು ಎದ್ದಿತು. ತಲೆಗೆ ಹೆಡ್‌ಫೋನು, ತುಟಿಯ ಮುಂದೆ ಮೈಕು. ಅರ್ಧ ದಾರಿಯಲ್ಲಿ ಪೈಲಟ್ ಸಾಹೇಬರು ಹುಬ್ಬು ಗಂಟಿಕ್ಕಿದರು.

"ಕಿವಿಯಣ್ಣ, ಏನೋ ಕಟಕಟ ಅಂತಿದೆಯಲ್ಲ. ನಿನಗೂ ಕೇಳ್ತಿದೆಯಾ?"

ಕೇಳದೆ ಏನು? ಅವರಿಗಿಂತ ಹತ್ತಿರದಿಂದ ಕೇಳುತ್ತಿತ್ತು. ಬಾಯಿಬಿಟ್ಟು ಹೇಳಲಾಗದೆ ಗೋಣು ಆಡಿಸಿದ. ಸಾಹೇಬರು ತಡಮಾಡದೆ ಒಂದು ಬಯಲಲ್ಲಿ ಇಳಿಸಿ, ಅಂಗಿಯ ತೋಳು ಮಡಚಿ, ಎಂಜಿನ್ ಮುಚ್ಚಳ ತೆಗೆದರು.

"ಏನೂ ಕಾಣ್ತಿಲ್ಲ. ಪೂರ್ತಿ ಬಿಚ್ಚಿಬಿಡೋಣ. ಸಂಜೆ ಆದರೂ ಸರಿ."

ಅಷ್ಟು ಹೊತ್ತು ಗುಡ್ಡದ ಮೇಲೆ ರಕ್ತ ಸೋರಿಸಿಕೊಂಡು ಮಲಗಿದವರ ಗತಿ? ಬಾಯಿಬಿಟ್ಟರೆ ತನಗೆ ಉಗ್ರಾಣ, ಬಿಡದಿದ್ದರೆ ಅವರಿಗೆ ಮಸಣ. ಕಿವಿಯಣ್ಣ ಸಾಹೇಬರ ಕೈಯಿಂದ ಸ್ಪ್ಯಾನರ್ ಇಸಿದುಕೊಂಡ.

"ಬಿಚ್ಚಬೇಡಿ ಸಾರ್. ಅದು ಎಂಜಿನ್ ಅಲ್ಲ."

"ಮತ್ತೇನು?"

"ನನ್ನ ಹಲ್ಲು. ಮೈಕಿನಲ್ಲಿ ಕೇಳಿಸ್ತು."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ಇಷ್ಟು ದಿನ ಕಣ್ಣು ಮುಚ್ಚಿ ಆಲಿಸ್ತಿದ್ದದ್ದು?"

"ಏನೂ ಆಲಿಸ್ತಿರಲಿಲ್ಲ ಸಾರ್. ಭಯ."

ಸಾಹೇಬರು ಹುಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಭಯ ನನಗೂ ಇದೆ ಮಾರಾಯ. ನಾನು ಕಣ್ಣು ಮುಚ್ಚೋ ಹಾಗಿಲ್ಲ, ಅಷ್ಟೇ." ಜೇಬಿನಿಂದ ಕರ್ಚೀಫು ತೆಗೆದುಕೊಟ್ಟರು. "ಕಚ್ಚಿಕೋ. ನಡಿ."

ಗುಡ್ಡದ ಮೇಲೆ, ದೊಡ್ಡ ಹೆಲಿಕಾಪ್ಟರಿನಲ್ಲಿ ಸಡಿಲವಾಗಿದ್ದ ಇಂಧನದ ಕೊಳವೆಯನ್ನು ಕಿವಿಯಣ್ಣ ಬಿಗಿದ. ಕಟ್ಟಳೆ ಕಟ್ಟಳೆಯೇ, ಬಿಗಿದವನು ಗಾಯಾಳುಗಳ ಜೊತೆ ಅದರಲ್ಲೇ ಬರಬೇಕಾಯಿತು, ಕರ್ಚೀಫು ಕಚ್ಚಿಕೊಂಡು.

"ಗುಂಡು ಬಿದ್ದದ್ದು ನನ್ನ ಕಾಲಿಗೆ," ಅಂದ ಸ್ಟ್ರೆಚರ್ ಮೇಲಿದ್ದ ಸಿಪಾಯಿ. "ಬಟ್ಟೆ ಕಚ್ಚಿಕೊಂಡವನು ಇವನು."

"ಸುಮ್ನಿರೋ," ಅಂದ ಪಕ್ಕದವನು. "ಆಲಿಸ್ತಾ ಇದ್ದಾನೆ."

ಪೈಲಟ್ ಸಾಹೇಬರು ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ, ಕಿವಿಯಣ್ಣ ಉಗ್ರಾಣಕ್ಕೆ ಹೋಗಲಿಲ್ಲ. ಆದರೆ ಇಳಿಯುವಾಗ ಬಾಯಲ್ಲಿದ್ದ ಕರ್ಚೀಫನ್ನು ಎಲ್ಲರೂ ನೋಡಿದ್ದರು. ಬಾಯಿ ಕಟ್ಟಿದರೆ ಕಿವಿ ಚುರುಕಾಗುತ್ತೆ ಅಂತ ಸುದ್ದಿ ಹಬ್ಬಿತು. ಯುದ್ಧ ಮುಗಿಯುವಷ್ಟರಲ್ಲಿ ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ಮೊದಲ ಹಾರಾಟಕ್ಕೆ ಕರ್ಚೀಫು ಕಚ್ಚಿಯೇ ಕೂರುತ್ತಿದ್ದರು.

ಅವರ ಹೆಂಡಿರು ನಲ್ಲಿಯ ಹತ್ತಿರ ತೂತುಬಿದ್ದ ಕರ್ಚೀಫು ಒಗೆಯುವಾಗ, ಕಿವಿಯಣ್ಣನ ಹೆಂಡತಿ ಮಾತ್ರ ಒದ್ದೆ ಬಟ್ಟೆಯನ್ನೇ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು.

"ಯಾಕಕ್ಕ, ನೀವೂ ಏನೋ ಆಲಿಸ್ತಿದ್ದೀರಾ?"

"ಹೂಂ. ಹಾಲು ಉಕ್ಕೋ ಸದ್ದು" ಅಂತ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.