ಕಜೆಟನ್ ಬರೆದ ಕಪ್ಪು ಪರದೆ

ಕಾರ್ಕಳದ ಗ್ಯಾರೇಜೊಂದರಲ್ಲಿ ಬಸ್ಸುಗಳಿಗೆ ಬಣ್ಣ ಬಳಿಯುತ್ತಿದ್ದ ಕಜೆಟನ್‌ನಷ್ಟು ಸಾಧು ಮನುಷ್ಯನನ್ನು ನಾನು ನೋಡಿಲ್ಲ. ಇರುವೆ ಸಾಲು ಕಂಡರೆ ಸುತ್ತುಬಳಸಿ ಹೋಗುವವನು. ಅಂಥವನಿಗೆ ಹುಚ್ಚು ಹಿಡಿಸಿದ್ದು ಯಾರು? ಒಬ್ಬ ಕೊಲೆಗಾರ. ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಸತ್ತ ಇಟಲಿಯ ಚಿತ್ರಕಾರ ಕಾರವಾಜಿಯೊ.

ರೋಮಿನಲ್ಲಿ ಓದಿ ಬಂದ ಪಾದ್ರಿ ಲೂಯಿಸರ ಬಳಿ ಅವನ ಚಿತ್ರಗಳ ದಪ್ಪ ಪುಸ್ತಕವಿತ್ತು. ಭಾನುವಾರದ ಪೂಜೆ ಮುಗಿದ ಕೂಡಲೇ ಕಜೆಟನ್ ಅದರ ಮುಂದೆ ಕುಳಿತುಬಿಡುತ್ತಿದ್ದ. ಆಮೇಲೆ ನನ್ನ ತಲೆ ತಿನ್ನುವುದು.

"ಗೊತ್ತುಂಟಾ ವಿಠಲ, ಅವನು ಸಂತರನ್ನು ಬರೆಯಲಿಕ್ಕೆ ಬೀದಿಯವರನ್ನೇ ಕರೆದು ಕೂರಿಸುತ್ತಿದ್ದ. ಕೊಳೆ ಮೆತ್ತಿದ ಪಾದವನ್ನೂ ಇದ್ದ ಹಾಗೆಯೇ ಬರೆದ. ಸುತ್ತ ಕತ್ತಲೆ, ಒಂದೇ ಕಡೆಯಿಂದ ಬೆಳಕು. ಜಗಳದಲ್ಲಿ ಒಬ್ಬನನ್ನು ಕೊಂದು ರೋಮಿನಿಂದ ಓಡಿದ. ಓಡುತ್ತಲೂ ಬರೆದ ಮಾರಾಯ. ನಲವತ್ತು ತುಂಬುವ ಮೊದಲೇ ಸತ್ತ."

ಕೇಳುವ ನನಗೂ ಮೈ ಜುಮ್ಮೆನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಆಗ ಒಂದು ತುಳು ನಾಟಕ ಮಂಡಳಿಯಲ್ಲಿ ನಟ. ೧೯೭೯ರಲ್ಲಿ ಮಂಡಳಿಗೆ ಹೊಸ ಪರದೆ ಬೇಕಾಯಿತು. ಬಡವರ ಮನೆಯ ಒಳಭಾಗ ಬರೆದುಕೊಡಲು ಯಜಮಾನ ಭೋಜಣ್ಣ ಕಜೆಟನ್‌ಗೆ ಹೇಳಿದ. ಪರದೆಯೆಂದರೆ ಅರಮನೆ, ಬೀದಿ, ಕಾಡು. ಅದರಲ್ಲಿ ಮನುಷ್ಯರನ್ನು ಬರೆಯುವ ಪದ್ಧತಿಯೇ ಇಲ್ಲ. ನಮ್ಮ ಕಜೆಟನ್ ಬರೆದದ್ದು ಗಾಢ ಕತ್ತಲೆ, ಎಡಗಡೆಯ ಬಾಗಿಲಿನಿಂದ ಓರೆಯಾಗಿ ಬಿದ್ದ ಬೆಳಕು, ಆ ಬೆಳಕಿನಲ್ಲಿ ಕುಳಿತ ಒಬ್ಬ ಮುದುಕಿ.

ಭೋಜಣ್ಣನ ಮುಖ ಹುಳ್ಳಗಾಯಿತು. "ನಾಳೆ ಎರ್ಮಾಳಿನ ನಾಟಕದಲ್ಲಿ ಜನ ಒಪ್ಪಿದರೆ ಸರಿ. ಇಲ್ಲದಿದ್ದರೆ ಇದರ ಮೇಲೆ ಬಿಳಿ ಬಳಿದು ಅರಮನೆ ಬರೆಸುತ್ತೇನೆ, ಆಯಿತಾ?"

ಕಜೆಟನ್ ತಲೆಯಾಡಿಸಿದ. ಎದುರಿಗಿದ್ದ ಚಾ ಮಾತ್ರ ಮುಟ್ಟಲಿಲ್ಲ.

ಕಡಲ ದಡದ ಎರ್ಮಾಳಿನ ಮೈದಾನ ಕತ್ತಲಾಗುವ ಮೊದಲೇ ತುಂಬಿತು. ಪರದೆ ಕಪ್ಪಾಯಿತೆಂದು ಭೋಜಣ್ಣ ಇನ್ನಷ್ಟು ಟ್ಯೂಬ್‌ಲೈಟ್ ಕಟ್ಟಿಸಿದ್ದ. ಅಲ್ಲೇ ಎಡವಟ್ಟಾಯಿತು. ಕಜೆಟನ್ ಕತ್ತಲೆಗೆ ಬಳಿದದ್ದು ತನಗೆ ರೂಢಿಯಿದ್ದ ಬಸ್ಸಿನ ಎನಾಮೆಲ್ ಬಣ್ಣ. ಮುಂದಿನ ಪರದೆ ಸರಿದದ್ದೇ ತಡ, ಹಿಂದಿನದು ಹೊಸ ಬಸ್ಸಿನ ಹಾಗೆ ಫಳಫಳ ಹೊಳೆಯಿತು. ಬಾಗಿಲೂ ಕಾಣದು, ಮುದುಕಿಯೂ ಕಾಣಳು.

"ಈ ಬಸ್ಸು ಎಲ್ಲಿಗೆ ಹೋಗುವುದು ಮಾರಾಯ?" ಎಂದು ಯಾರೋ ಕೂಗಿದರು.

"ಕಾಪು ಮಾರ್ಗವಾಗಿ ಉಡುಪಿಗೆ," ಎಂದ ಇನ್ನೊಬ್ಬ.

ಜನ ಬಿದ್ದು ಬಿದ್ದು ನಕ್ಕರು. ಮಾತು ಮರೆತು ರಂಗದ ಮೇಲೆ ನಿಂತಿದ್ದ ನನಗೆ ಅಳುವೇ ಬಂತು.

ಅಷ್ಟರಲ್ಲಿ ಕಜೆಟನ್ ನುಗ್ಗಿ ಬಂದ. ಭೋಜಣ್ಣನನ್ನು ಪಕ್ಕಕ್ಕೆ ತಳ್ಳಿ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿಬಿಟ್ಟ. ಕರೆಂಟು ಹೋದರೆ ಬೇಕೆಂದು ಹೊತ್ತಿಸಿಟ್ಟಿದ್ದ ಪೆಟ್ರೋಮ್ಯಾಕ್ಸ್ ಎತ್ತಿಕೊಂಡು, ಬಾಗಿಲು ಬರೆದಿದ್ದ ಎಡಬದಿಗೆ ಹೋಗಿ ಹಿಡಿದು ನಿಂತ.

ನಗು ನಿಂತಿತು. ಹೊಳಪೆಲ್ಲ ಮಾಯವಾಗಿ ನಿಜವಾದ ಕತ್ತಲೆ ಉಳಿಯಿತು. ಅದರೊಳಗಿಂದ ಮುದುಕಿಯ ಮುಖ ಎದ್ದು ಬಂತು. ನಾನು ಹೋಗಿ ಅವಳ ಪಕ್ಕದಲ್ಲೇ ಕುಳಿತು ಮಾತು ಶುರು ಮಾಡಿದೆ. ಆಹಾ, ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಆಡಿಲ್ಲ!

ಮುಂದಿನ ದೃಶ್ಯ ಕಾಡು. ಪರದೆಯನ್ನು ಮೇಲಕ್ಕೆ ಸುತ್ತಲು ಭೋಜಣ್ಣ ಹಗ್ಗಕ್ಕೆ ಕೈ ಹಾಕಿದ. ಆಗ ಎದುರಿನ ಚಾಪೆಯಿಂದ ಅಕ್ಕು ಎದ್ದು ನಿಂತಳು. ಬುಟ್ಟಿ ಹೊತ್ತು ಕಾರ್ಕಳಕ್ಕೆ ಮೀನು ತರುತ್ತಿದ್ದ ಎರ್ಮಾಳಿನ ಮುದುಕಿ. ಆಗಲೇ ನನಗೆ ಹೊಳೆದದ್ದು, ಪರದೆಯಲ್ಲಿದ್ದದ್ದು ಅದೇ ಮೂಗುತಿ, ಅದೇ ಸುಕ್ಕು.

"ಧಣಿಗಳೇ, ನನ್ನನ್ನು ಸುತ್ತಿ ಇಡಬೇಡಿ," ಎಂದಳು. "ಹುಟ್ಟಿದಂದಿನಿಂದ ನಿಂತೇ ಇದ್ದೇನೆ. ಈಗ ಒಬ್ಬ ಕೂರಿಸಿದ್ದಾನೆ. ಸ್ವಲ್ಪ ಹೊತ್ತು ಕೂತಿರುತ್ತೇನೆ."

ಭೋಜಣ್ಣ ಹಗ್ಗ ಬಿಟ್ಟ. ಕಾಡಿನ ದೃಶ್ಯವನ್ನೂ ನಾವು ಅಕ್ಕುವಿನ ಮುಂದೆಯೇ ಆಡಿದೆವು.