ಅಕ್ಕನ ಹಿತ್ತಲಿಗೆ ಹರಿಯದ ನೀರು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಮನೆಯ ಸೂರಿನಂಚಿಗೆ ಮಳೆನೀರು ಹಿಡಿಯಲು ಕಟ್ಟಿದ್ದ ತಗಡಿನ ದೋಣಿ ಮಾಡಿದ ಗಾಯ ಅದು. ಪ್ರತಿವರ್ಷ ಮುಂಗಾರಿಗೆ ಮೊದಲು ಸೆರಗು ಬಿಗಿದು ಏಣಿ ಹತ್ತಿ, ದೋಣಿಯಲ್ಲಿ ಕೊಳೆತ ಬೇವಿನೆಲೆಯನ್ನು ಬರಿಗೈಯಲ್ಲೇ ಬಳಿದು ಹಾಕುತ್ತಿದ್ದಳು. ನಾನು ಹತ್ತುತ್ತೇನೆಂದರೆ, "ನೀ ಕೆಳಗ ಏಣಿ ಹಿಡಕೊಂಡು ನಿಂದ್ರು. ಅಷ್ಟು ಬಂದ್ರ ಸಾಕು ನಿನಗ" ಎಂದು ನಗುತ್ತಿದ್ದಳು.

ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ಅಕ್ಕ ಕಾನಹೊಸಹಳ್ಳಿಯ ನಮ್ಮ ಮನೆಗೆ ಮರಳಿದಳು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿ, ಹೆಣ್ಣು ನೋಡಿ ಮದುವೆ ಮಾಡಿದವಳು ಅವಳೇ. ನನ್ನ ಹೆಂಡತಿ ಬಂದ ಮೇಲೆ, "ಒಂದ ಒಲಿ ಮುಂದ ಇಬ್ಬರು ಯಜಮಾನ್ತೇರು ಬ್ಯಾಡ" ಎಂದು ತಾನಾಗಿಯೇ ಹಿತ್ತಲ ಕೋಣೆಗೆ ಹೋಗಿ ಬೇರೆ ಒಲೆ ಹೂಡಿದಳು.

ನಮ್ಮೂರಿನ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ. ಮೊದಲ ಮಳೆಯ ನೀರನ್ನು ಅಕ್ಕ ಹರಿಯಬಿಡುತ್ತಿದ್ದಳು. "ಮನಿ ಮಾರಿ ತೊಳಕೊಳ್ಳಲಿ" ಎನ್ನುತ್ತಿದ್ದಳು. ಆಮೇಲಿನ ಮಳೆಗಳಿಗೆ ಹಿತ್ತಲಲ್ಲಿ ದೋಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಹಂಡೆ ಇಡುವಳು. ಬಾಣಂತಿ ಇದ್ದ ಮನೆಯವರು, ಜ್ವರ ಬಂದವರು ಅವಳ ಹತ್ತಿರ ತಂಬಿಗೆ ಹಿಡಿದು ಬರುತ್ತಿದ್ದರು. ಎಲ್ಲರಿಗೂ ಕೊಡುತ್ತಿದ್ದಳು. "ನನ್ನ ಕೈಲಿ ಕೊಡಾಕ ಆಗೋದು ಇದೊಂದ ಅಲ್ಲೇನಪ?" ಎಂದು ಒಮ್ಮೆ ಹೇಳಿದ್ದಳು. ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದೋಣಿ ತುಕ್ಕು ಹಿಡಿದು ಜರಡಿಯಂತಾದಾಗ, ಹೊಸದು ತರಲು ಇಬ್ಬರೂ ಕೂಡ್ಲಿಗಿಗೆ ಹೋದೆವು. ನಾನು ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪು ಸಾಕೆಂದೆ. ಬಿಸಿಲಿಗೆ ಸೊಟ್ಟಗಾಗುತ್ತದೆ ಎಂದು ಅಕ್ಕ ಒಪ್ಪಲಿಲ್ಲ. ಒಂದೊಂದೇ ತಗಡಿನ ದೋಣಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚಿನ ಮಡಿಕೆಯನ್ನು ಸವರಿ ನೋಡಿದಳು. ಅಂಗಡಿಯವನು ಬೇಸತ್ತು, "ಅಕ್ಕಾರ, ದೋಣಿ ನೋಡಾಕ ಬಂದೀರೋ, ಸೊಸಿ ನೋಡಾಕ ಬಂದೀರೋ?" ಎಂದ.

"ಸೊಸಿ ಆದ್ರ ಎರಡು ಮಾತು ಅಂದು ತಿದ್ದಬಹುದು. ಇದು ಸೋರಿದ್ರ ಯಾರಿಗೆ ಬೈಲಿ, ನಿನಗ ಬೈಲ್ಯಾ?"

ಅಂಗಡಿಯೆಲ್ಲ ನಕ್ಕಿತು.

ಅದೇ ದಿನಗಳಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಎಂಬ ಸುದ್ದಿ ಚಾದಂಗಡಿಯಲ್ಲಿ ಓಡಾಡುತ್ತಿತ್ತು. ನನ್ನ ಗೆಳೆಯನೊಬ್ಬ ಚುಚ್ಚಿದ: "ಲೇ, ನಿಮ್ಮಕ್ಕನ ಒಲಿ ಬ್ಯಾರೆ, ನೀರು ಬ್ಯಾರೆ, ಬಾಗಲಾನೂ ಬ್ಯಾರೆ. ಇನ್ನ ಪಾಲು ಕೇಳೋದೊಂದು ಬಾಕಿ ಐತಿ ನೋಡು." ಆ ಮಾತು ನನ್ನೊಳಗೆ ಹೊಕ್ಕು ಕೂತಿತು. ನೀರು ನಮ್ಮ ಕಡೆಗಿದ್ದರೆ ಅವಳು ಕೇಳಿ ಒಯ್ಯುತ್ತಾಳೆ, ಕೇಳಿ ಒಯ್ಯುವವಳು ಪಾಲು ಕೇಳುವುದಿಲ್ಲ ಎಂದು ಲೆಕ್ಕ ಹಾಕಿದೆ. ದೋಣಿ ಕೂರಿಸಲು ಬಂದವನಿಗೆ, ಇಳಿಜಾರು ಮುಂಬಾಗಿಲ ಕಡೆಗೆ ಇರಲಿ ಎಂದು ಗುಟ್ಟಾಗಿ ಹೇಳಿದೆ. ಮುಂಬಾಗಿಲು ಈಶಾನ್ಯಕ್ಕಿತ್ತು. ಯಾರಾದರೂ ಕೇಳಿದರೆ ವಾಸ್ತು ಎನ್ನುವುದೆಂದುಕೊಂಡೆ.

ಅಕ್ಕನಿಗೆ ಇದು ಗೊತ್ತಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಹಿತ್ತಲಲ್ಲಿ ಹಂಡೆ ಬೆಳಗಿ ಇಟ್ಟಿದ್ದಳು. ತಾನೇ ಕೊಡ ತುಂಬಿ ಏಣಿಯ ಮೇಲಿದ್ದವನಿಗೆ ಕೊಟ್ಟು, "ಸುರುವಪಾ, ಹೆಂಗ ಬರ್ತಾವ ನೋಡೂನು" ಎಂದು ಹಂಡೆಯ ಹತ್ತಿರ ಹೋಗಿ ನಿಂತಳು. ಅವನು ನನ್ನ ಮುಖ ನೋಡಿ ಸುರುವಿದ. ನೀರು ಮುಂಬಾಗಿಲಲ್ಲಿ ಬಿದ್ದ ಸದ್ದು ಕೇಳಿತು.

"ಈಶಾನ್ಯಕ್ಕ ಹೋಗಬೇಕಂತ ಅಕ್ಕಾ, ವಾಸ್ತು" ಎಂದೆ.

"ನೀರಿಗೇನು ಗೊತ್ತಪ ಈಶಾನ್ಯ? ಬಗ್ಗಿಸಿದ ಕಡಿ ಹೋಗತೈತಿ" ಎಂದಳು. ಖಾಲಿ ಹಂಡೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮಳೆಗಾಲ ಪೂರ್ತಿ ಅವಳು ಮುಂಬಾಗಿಲಿಗೆ ಬಂದು ಒಂದು ತಂಬಿಗೆ ನೀರನ್ನೂ ಕೇಳಲಿಲ್ಲ. ನೀರಿಗೆ ಬಂದ ಕೇರಿಯವರನ್ನು ನಮ್ಮ ಕಡೆಗೆ ಕಳಿಸುತ್ತಿದ್ದಳು. ದೀಪಾವಳಿ ಮುಗಿಸಿ, ಮಾಗಳದಲ್ಲಿದ್ದ ಗಂಡನ ತಂಗಿಯ ಮನೆಗೆ ಹೊರಟು ನಿಂತಳು. "ಅಲ್ಲಿ ಹೊಳಿ ಐತಿ ನೋಡು, ಬ್ಯಾಳಿ ಚಲೋ ಬೇಯ್ತಾವ" ಎಂದಳು. ಅವಳ ಚೀಲ ಹೊತ್ತು ಬಸ್ಸಿಗೆ ಹತ್ತಿಸಿದೆ. ಹೋಗಬೇಡ ಎನ್ನಲಿಲ್ಲ. ದೋಣಿಯ ಇಳಿಜಾರು ತಿರುಗಿಸುವುದು ಅರ್ಧ ದಿನದ ಕೆಲಸ. ತಿರುಗಿಸಿ ಅವಳನ್ನು ಕರೆದು ತರಬೇಕೆಂದು ಪ್ರತಿ ಮಳೆಗೂ ಅಂದುಕೊಂಡೆ, ಮಳೆ ನಿಂತ ಮೇಲೆ ಸುಮ್ಮನಾದೆ.

ಕೊನೆಗೆ ಊರಿನ ಎಸ್‌ಟಿಡಿ ಬೂತಿಗೆ ಫೋನು ಬಂತು. ಜ್ವರ ಬಂದು ಅಕ್ಕ ತೀರಿಕೊಂಡಿದ್ದಳು. ತವರಿನ ಸೀರೆ ಹಿಡಿದು ಮಾಗಳಕ್ಕೆ ಹೋದೆ. ಅವಳ ಮೇಲೆ ಸೀರೆ ಹೊದಿಸುವಾಗ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ಕೈ ಹಿಡಿದು ಕೇಳಿದಳು:

"ಅಕ್ಕನ ಕ್ವಾಣಿಗೆ ಮಳಿನೀರು ಬರ್ಲಿ ಅಂತ ಹೊಸ ದೋಣಿ ಹಾಕಿಸಿದ ತಮ್ಮ ನೀನೇನಪ? ದಿನಾ ಹೇಳ್ತಿದ್ಲು. 'ನಮ್ಮ ತಮ್ಮ ಭಾಳ ಚಲೋ ನೋಡಿಕೊಂಡಾನ, ನಾನ ಹೊಳಿ ಆಸಿಗೆ ಬಂದೀನಿ' ಅಂತಿದ್ಲು."

ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಹೌದಬೇ, ನಾನ" ಎಂದೆ.