ಐದನೆಯ ಕಾಲು

ಆನೆಗೆ ನಾಲ್ಕು ಕಾಲು ಎಂದು ನನಗೂ ಗೊತ್ತು. ಸುರಪುರದ ಬಸ್ ನಿಲ್ದಾಣದ ಹತ್ತಿರ ಒಮ್ಮೆ ಮಾವುತನೊಬ್ಬ ಆನೆ ತಂದಿದ್ದ. ಸುತ್ತು ಹಾಕಿ ಎಣಿಸಿ ಬಂದಿದ್ದೇನೆ. ಆದರೂ ಮದುವೆ ಮನೆಯ ಬಾಗಿಲಿಗೆ ನಾನು ಬರೆಯುವ ಆನೆಗೆ ಐದು ಕಾಲು.

ಇದು ನನ್ನ ಅತ್ತೆಯ ಕೈಯಿಂದ ಬಂದದ್ದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಸುಣ್ಣದಲ್ಲಿ ಆನೆ ಬರೆಯುವುದು ನಮ್ಮ ಮನೆಯ ಹೆಂಗಸರ ಕೆಲಸ. ಆ ಆನೆಯೆಂದರೆ ಮನೆಗೆ ಬರುವ ಲಕ್ಷ್ಮಿ. ಸುರಪುರದಲ್ಲಿ ಚಿನ್ನದ ರೇಕು ಹಚ್ಚಿ ಸಣ್ಣ ಕುಂಚದಲ್ಲಿ ದೇವರನ್ನು ಬರೆಯುವವರಿದ್ದರು, ಅವರ ಓಣಿಯೇ ಬೇರೆ. ನಮ್ಮದು ಬೇವಿನ ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚ. ಅತ್ತೆ ಒಂದು ಮನೆಯಲ್ಲಿ ಆನೆ ಬರೆದು ಮುಗಿಸಿದಾಗ ಆ ಮನೆಯ ಮುದುಕ, "ಇದು ನಿಂತೇ ಬಿಟ್ಟದಲ್ಲ, ಒಳಗ ಯಾವಾಗ ಬರಬೇಕು?" ಅಂದನಂತೆ. ಹಸಿ ಸುಣ್ಣ ಒರೆಸಿದರೆ ಗೋಡೆ ಹೊಲಸಾಗುತ್ತದೆ. ಅತ್ತೆ ಒರೆಸಲಿಲ್ಲ. ಬಾಗಿಲ ಕಡೆಗೆ ಎತ್ತಿದ ಇನ್ನೊಂದು ಕಾಲು ಸೇರಿಸಿದಳು. ವರ್ಷದೊಳಗೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಮುಂದಿನ ಮನೆಯವರು ಅದೇ ಆನೆ ಕೇಳಿದರು. ಅಲ್ಲಿಂದ ಅದೇ ಪದ್ಧತಿ.

ಅತ್ತೆಗಿಂತ ನಾನು ಬರೆಯುವುದು ಕಡಿಮೆ. ಕಾಲಿಗೆ ಐದು ಗೀಟು, ಬೆನ್ನಿಗೊಂದು, ಸೊಂಡಿಲಿಗೊಂದು. ಕಣ್ಣಿಲ್ಲ, ಬಾಲವಿಲ್ಲ. ಯಾಕೆಂದು ಕೇಳಿದವರಿಗೆ, "ಆನಿ ಅಂತ ಗೊತ್ತಾತಿಲ್ಲ? ಮತ್ಯಾಕ ಬರೀಬೇಕು?" ಎನ್ನುತ್ತೇನೆ.

ಈಚೆಗೆ ಸಗರದ ಒಬ್ಬ ಶಾಲೆ ಮಾಸ್ತರ ಮಗಳ ಮದುವೆಗೆ ಕರೆಸಿದ. ಹುಡುಗಿಯ ಎಡಗಾಲು ಸಣ್ಣಂದಿನಿಂದ ಸೊರಗಿದ್ದು, ಎಳೆದು ನಡೆಯುತ್ತಾಳೆ. ಗಂಡು ಯಾದಗಿರಿಯಲ್ಲಿ ಗುಮಾಸ್ತ. ಅವನೂ ಅವನ ತಾಯಿಯೂ ನೋಡಿ ಒಪ್ಪಿದ್ದರು. ಉಳಿದ ಬೀಗರು ಆ ಕಾಲನ್ನು ಕಂಡಿರಲಿಲ್ಲ. ಮದುವೆಯ ಬೆಳಿಗ್ಗೆ ಹುಡುಗಿ ಹನುಮಪ್ಪನ ಗುಡಿಯಲ್ಲಿ ಕೈಮುಗಿದು ಬಂದು, ಹಂದರದಲ್ಲಿ ಕೂತ ಬೀಗರ ನಡುವೆ ಹಾದು ಮನೆಯೊಳಗೆ ಹೋಗಬೇಕು. ಹದಿನೈದು ಹೆಜ್ಜೆ. ಅಷ್ಟು ಮಂದಿಯಲ್ಲಿ ಒಬ್ಬರು ಏನಾದರೂ ಅಂದುಬಿಟ್ಟರೆ? ಮನೆಯವರಿಗೆಲ್ಲ ಅದೇ ಚಿಂತೆ, ಬಾಯಿಬಿಟ್ಟು ಯಾರೂ ಆಡುತ್ತಿರಲಿಲ್ಲ.

ಮದುವೆಗೆ ಎರಡು ದಿನ ಇರುವಾಗ ನಾನು ಸುಣ್ಣ ಕಲಸುತ್ತ ಕೂತಿದ್ದೆ. ಮಾಸ್ತರ ಬಂದು ಹೇಳಿದ: "ಆಯೀ, ನಾ ಶಾಲಿ ಕಲಿಸಾಂವ. ಐದು ಕಾಲಿನ ಆನಿ ನೋಡಿ ಯಾದಗಿರಿಯವರು ನಗಾಂಗಿಲ್ಲೇನು? ನಾಕೇ ಬರಿ."

"ಯಾವ ಕಾಲು ಕಡೀಲಿರಿ?"

"ಎತ್ತಿದ್ದು ಬಿಡು."

ಅದನ್ನು ಬಿಟ್ಟು ನಾಲ್ಕೇ ಬರೆದೆ. ಮಾಸ್ತರನ ತಾಯಿ ಕೋಲೂರಿಕೊಂಡು ಹೊರಗೆ ಬಂದಳು, ನೋಡಿದಳು, ಮಗನಿಗೆ ಜಾಡಿಸಿದಳು: "ಏ ಖೋಡಿ, ಆನಿ ಹೊರಗ ನಿಂತದ! ಲಕ್ಷ್ಮೀನ ಅಂಗಳದಾಗ ನಿಲ್ಲಿಸಿ ಮಗಳ ಲಗ್ನ ಮಾಡ್ತಿಯೇನು?"

"ಹಂಗಾದ್ರ ಎತ್ತಿದ್ದು ಇರ್ಲಿ," ಎಂದ ಮಾಸ್ತರ, "ಕೆಳಗಿನದೊಂದು ತೆಗಿ."

ಮತ್ತೆ ಕೆಮ್ಮಣ್ಣು ಬಳಿದು, ಒಣಗಲು ಬಿಟ್ಟು, ಬರೆದೆ. ಮೂರು ಕೆಳಗೆ, ಒಂದು ಮೇಲೆ. ನಿಜವಾದ ಆನೆ ನಡೆಯುವುದು ಹೀಗೇ ಎಂದು ಮಾಸ್ತರ ಬೆರಳುಗಳನ್ನು ಗೋಡೆಯ ಮೇಲೆ ನಡೆಸಿ ತೋರಿಸಿದ. ಅಷ್ಟರಲ್ಲಿ ಮಗ್ಗುಲ ಮನೆಯವಳು ಕೊಡ ಹೊತ್ತು ಬಂದಳು.

"ಅಯ್ಯ ಶಿವನ, ಆನಿ ಕುಂಟಾಕತ್ತದಲ್ಲ!"

ಹೌದು, ಕುಂಟಿದಂತೆಯೇ ಕಾಣುತ್ತಿತ್ತು. ನಾಲ್ಕು ಕಾಲು ನೆಲದ ಮೇಲೆ ನೋಡಿ ರೂಢಿಯಾದ ಕಣ್ಣಿಗೆ ಮೂರು ಸಾಲುವುದಿಲ್ಲ. ಆದರೆ ಆ ಮಾತು ಆ ಮನೆಯ ಮುಂದೆ ಆಡಬಾರದಿತ್ತು. ಅವಳು ನಾಲಿಗೆ ಕಚ್ಚಿಕೊಂಡು ಸರಸರ ನಡೆದುಬಿಟ್ಟಳು. ಮಾಸ್ತರ ಅಂಗೈಯಿಂದ ಆ ಕಾಲನ್ನು ಗಸಗಸ ಉಜ್ಜಿದ. ಗೋಡೆ ಹೊಲಸಾಯಿತು, ಅಂಗಿಯೂ ಹೊಲಸಾಯಿತು.

ಹುಡುಗಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅರಿಷಿಣದ ಮೈಯಲ್ಲೇ ಬಂದು ಬಾಗಿಲು ಹಿಡಿದು ನಿಂತಳು.

"ಅಪ್ಪಾ, ಕೈ ತೊಳ್ಕೊ ಹೋಗು. ಆಯೀ, ಐದು ಬರಿ."

"ನಗ್ತಾರವ್ವ," ಎಂದ ಮಾಸ್ತರ.

"ನಗಲಿ. ಆನಿ ಕಾಲು ಎಣಿಸ್ಕೋತ ಕುಂತ್ರ ನನ್ನ ಕಾಲು ಯಾರು ನೋಡ್ತಾರ?"

ಮಾಸ್ತರ ಕೈ ತೊಳೆಯಲು ಹೋದ. ನಾನು ಬಾಗಿಲ ಎರಡೂ ಕಡೆ, ಎಂದಿಗಿಂತ ದೊಡ್ಡದಾಗಿ ಬರೆದೆ. ಐದನೆಯ ಕಾಲನ್ನು ಚೌಕಟ್ಟು ಮುಟ್ಟುವಷ್ಟು ಉದ್ದ ಎಳೆದೆ.

ಮದುವೆಯ ಬೆಳಿಗ್ಗೆ ಬೀಗರು ಬಂದು ಹಂದರದಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತರು. ಗಂಡಿನ ದೊಡ್ಡಪ್ಪ ಚಸ್ಮಾ ಒರೆಸಿ ಹಾಕಿಕೊಂಡ.

"ಏ ತಮ್ಮಾ, ನನ್ನ ಚಸ್ಮಾ ಕೆಟ್ಟದೋ, ಆನಿ ಕೆಟ್ಟದೋ?"

"ಒಂದು ಬಾಲ ಇರಬೇಕ್ರಿ."

"ಬಾಲ ಮುಂದಿರ್ತದೇನೋ?"

"ಹೆಣ್ಣಿನವರು ದೊಡ್ಡ ಮನಸಿನವರ್ರಿ, ಒಂದು ಮ್ಯಾಲ ಕೊಟ್ಟಾರ!"

ನಗೆ ಎದ್ದಿತು. ಅದೇ ಹೊತ್ತಿಗೆ ಹಂದರದ ಹಿಂದೆ ಹುಡುಗಿ ಬಂದು ನಿಂತದ್ದು ಕಟ್ಟೆಯ ಮೇಲಿದ್ದ ನನಗೆ ಕಂಡಿತು. ನಾನೇ ಕೂಗಿದೆ: "ಈ ಕಡೀದಷ್ಟೇ ಎಣಿಸಿದ್ರ ಹ್ಯಾಂಗ್ರಿ? ಆ ಕಡೀದಕ್ಕ ಎಷ್ಟದಾವ ನೋಡ್ರಿ!"

ಕುತ್ತಿಗೆಗಳೆಲ್ಲ ಆ ಕಡೆ ತಿರುಗಿದವು. ಹುಡುಗಿ ನಡೆದಳು. ನಾನು ಅವಳ ಹೆಜ್ಜೆ ಎಣಿಸುತ್ತಿದ್ದೆ. ಒಂಬತ್ತನೆಯದಕ್ಕೆ ಕಾಲು ತಡವರಿಸಿ ಹಂದರದ ಗಳ ಹಿಡಿದುಕೊಂಡಳು. ಗಂಡಿನ ತಾಯಿ ಅದನ್ನು ಕಂಡಳು. ಕಂಡವಳೇ ತನ್ನ ಮಂದಿಗೆ ಗದರಿದಳು: "ಸೊಂಡಿ ಕೂಡಿಸಿ ಎಣಿಸಾಕತ್ತೀರಲ್ಲ, ಸೊಂಡಿ ಬಿಟ್ಟು ಎಣಿಸ್ರಿ!"

ಮತ್ತೆ ಒಂದರಿಂದ ಶುರು ಮಾಡಿದರು. ದೊಡ್ಡಪ್ಪ ಆರು ಎಂದು ಹಟ ಹಿಡಿದ. ಹುಡುಗಿ ಹೊಸ್ತಿಲು ದಾಟಿದಳು.

ಊಟಕ್ಕೆ ಏಳುವಾಗ ಅವಳ ನಡಿಗೆಯನ್ನು ಎಲ್ಲರೂ ನೋಡಿದರು. ನೋಡಲಿ. ಅಷ್ಟೊತ್ತಿಗೆ ಅಕ್ಷತೆ ಬಿದ್ದಾಗಿತ್ತು.

ನನ್ನ ಎಲೆಗೆ ಮಾಸ್ತರ ತಾನೇ ಹೋಳಿಗೆ ಬಡಿಸಲು ಬಂದ. ಬಗ್ಗಿ, ಮೆಲ್ಲಗೆ ಹೇಳಿದ: "ಏನೇ ಆಗ್ಲಿ ಆಯೀ, ಆನಿಗೆ ನಾಕೇ ಕಾಲು."

"ಹೌದ್ರಿ," ಅಂದೆ.

ಇನ್ನೊಂದು ಹೋಳಿಗೆ ಹಾಕಿದ.